ತಿರುವಿನಲ್ಲಿದ್ದ ತೊಟ್ಟಿ

ಜೂನ್ ೪

ಪ್ರೀತಿಯ ಗುಬ್ಬಿಗೆ,

ಅಪ್ಪನ ಆಶೀರ್ವಾದ. ನಾವಿಬ್ಬರೂ ಕ್ಷೇಮ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ. ಫೋನು ಇರುವಾಗ ಈ ಮುದುಕ ಕಾಗದ ಯಾಕೆ ಗೀಚುತ್ತಾನೆ ಎಂದು ನಿನಗೆ ಅನ್ನಿಸಬಹುದು. ನಾನು ಫೋನು ಹಿಡಿದ ಕೂಡಲೇ ನಿನ್ನ ಅಮ್ಮ ಪಕ್ಕದಲ್ಲಿ ಬಂದು ಕೂರುತ್ತಾಳೆ. ಅವಳ ವಿಷಯವನ್ನು ಅವಳ ಮುಂದೆಯೇ ಹೇಗೆ ಹೇಳಲಿ? ಕಾಗದವಾದರೆ ಕಿರಾಣಿ ಅಂಗಡಿಯ ಬೆಂಚಿನ ಮೇಲೆ ಕೂತು ಬರೆದು, ಹಾಗೇ ಡಬ್ಬಿಗೆ ಹಾಕಿ ಮನೆಗೆ ಹೋಗಬಹುದು.

ಮೊದಲು ಊರಿನ ಸುದ್ದಿ. ನಿನ್ನ ಯೋಜನೆ ನಮ್ಮೂರಿಗೂ ಕಾಲಿಟ್ಟಿತು. ಮೊನ್ನೆ ಬೆಳಿಗ್ಗೆ ಮುನಿಸಿಪಾಲಿಟಿಯವರು ಬಂದು ನಮ್ಮ ಬೀದಿಯ ತಿರುವಿನಲ್ಲಿದ್ದ ಸಿಮೆಂಟಿನ ಕಸದ ತೊಟ್ಟಿಯನ್ನು ಒಡೆದು ಹಾಕಿದರು. ಇನ್ನು ಮುಂದೆ ಬೀದಿಯಲ್ಲಿ ತೊಟ್ಟಿ ಇರುವುದಿಲ್ಲವಂತೆ. ದಿನಾ ಬೆಳಿಗ್ಗೆ ಗಾಡಿ ಬಾಗಿಲಿಗೇ ಬರುತ್ತದೆ, ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡಬೇಕು. ತೊಟ್ಟಿ ಇದ್ದ ಜಾಗದಲ್ಲಿ ಹೂವಿನ ಕುಂಡ ಇಟ್ಟಿದ್ದಾರೆ. ಕಂಬಕ್ಕೆ ಕ್ಯಾಮೆರಾ ಕಟ್ಟಿದ್ದಾರೆ. ಪಕ್ಕದಲ್ಲಿ ಒಂದು ದೊಡ್ಡ ಫಲಕ ನಿಲ್ಲಿಸಿದ್ದಾರೆ, ಕದ್ದು ಕಸ ಎಸೆದು ಹೋಗುವವರ ಫೋಟೋ ಅಂಟಿಸಲು. ಕಸ ಗುಡಿಸುವವರ ಮೇಲಿನ ಮೇಸ್ತ್ರಿ ನನ್ನನ್ನು ಕಂಡು, "ಇದೆಲ್ಲಾ ನಿಮ್ಮ ಮಗಳ ತಲೆ ಸಾರ್, ಅವರೂರಲ್ಲಿ ಮಾಡಿದ್ದನ್ನೇ ನಮಗೂ ಮಾಡೋಕೆ ಹೇಳಿದಾರೆ" ಅಂದ. ಆ ಹಾಳು ತೊಟ್ಟಿಯ ನಾತ ಕುಡಿದೇ ಬೆಳೆದವಳು ನೀನು. ನಾನು ಎದೆ ಉಬ್ಬಿಸಿಕೊಂಡು, ಒಡೆಯುವುದು ಮುಗಿಯುವ ತನಕ ಅಲ್ಲೇ ನಿಂತಿದ್ದೆ.

ಅಮ್ಮನ ಬೆಳಗಿನ ಫೇರಿ ನಿನಗೆ ಗೊತ್ತೇ ಇದೆಯಲ್ಲ. ಮನೆ ಗುಡಿಸಿ, ಚಪ್ಪಲಿ ಮೆಟ್ಟಿ, ಬಕೆಟ್ಟು ಹಿಡಿದು ತಿರುವಿಗೆ ಹೋಗುವುದು. ಕಸ ಸುರಿದು, ಬಕೆಟ್ಟಿನ ತಳವನ್ನು ತೊಟ್ಟಿಯ ಅಂಚಿಗೆ ಟಕಟಕ ಕುಟ್ಟುವುದು. ಆಮೇಲೆ ಸ್ವಲ್ಪ ಹೊತ್ತು ರಸ್ತೆ ನೋಡಿ ಬರುವುದು. ನಿನ್ನೆ ಹೋದವಳು ಬಕೆಟ್ಟು ತುಂಬಿಕೊಂಡೇ ವಾಪಸು ಬಂದಳು. "ರೀ, ತೊಟ್ಟಿಲು ಯಾರೋ ಎತ್ಕೊಂಡು ಹೋಗಿದಾರೆ" ಅಂದಳು. ತೊಟ್ಟಿ ಅನ್ನುವುದಕ್ಕೆ ತೊಟ್ಟಿಲು ಅನ್ನುತ್ತಿದ್ದಾಳೆ ಎಂದು ನನಗೆ ನಗು ಬಂತು. ಮಗುವಿಲ್ಲದ ಮನೆಗೆ ತೊಟ್ಟಿಲು ಯಾಕೇ ಎಂದು ರೇಗಿಸಿದೆ. ಅವಳು ನಗಲಿಲ್ಲ. ಈಚೆಗೆ ಇಂಥ ಮಾತು ಒಂದೆರಡು ಹೀಗೇ ಜಾರುತ್ತಿವೆ. ವಯಸ್ಸು ಅಂದುಕೊಂಡಿದ್ದೇನೆ.

ಬಿಡುವಾದಾಗ ಬಂದು ಹೋಗು.

ಇಂತಿ ನಿನ್ನ ಅಪ್ಪ,
ಮಾಜಿ ಕಂಡಕ್ಟರ್


ಜೂನ್ ೧೬

ಅಪ್ಪ,

ನಿಮ್ಮ ಕಾಗದ ಬಂತು. ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಮ್ಮನ ವಿಷಯ ಬಿಟ್ಟು.

ಆ ತೊಟ್ಟಿ ಹೋಯಿತು ಎಂದು ಓದಿ ಒಂದು ಥರಾ ಆಯಿತು. ಆದರೂ ಹೋಗಲೇಬೇಕಿತ್ತು ಅಪ್ಪ. ತೊಟ್ಟಿ ಇದ್ದ ಕಡೆ ಜನ ತೊಟ್ಟಿಯೊಳಗೆ ಹಾಕುವುದಿಲ್ಲ, ತೊಟ್ಟಿಯ ಕಡೆಗೆ ಎಸೆಯುತ್ತಾರೆ. ಒಬ್ಬ ಹಳೇ ಹಾಸಿಗೆ ತಂದು ಒರಗಿಸಿದರೆ ಮಾರನೇ ದಿನ ಇನ್ನೊಬ್ಬ ಒಡೆದ ಕಮೋಡು ತಂದು ಇಡುತ್ತಾನೆ. ಮೂರನೆಯವನು ಕೋಳಿ ಅಂಗಡಿಯ ಚೀಲ ಬಿಸಾಕಿ ಗಾಡಿ ನಿಲ್ಲಿಸದೇ ಹೋಗುತ್ತಾನೆ. ಇಂಥ ಜಾಗಗಳಿಗೆ ನಮ್ಮ ಆಫೀಸಿನಲ್ಲಿ ಬ್ಲ್ಯಾಕ್ ಸ್ಪಾಟ್ ಅನ್ನುತ್ತೇವೆ. ನಾನು ಇಲ್ಲಿಗೆ ಎಂಜಿನಿಯರಾಗಿ ಬಂದಾಗ ಊರೇ ಒಂದು ಬ್ಲ್ಯಾಕ್ ಸ್ಪಾಟ್ ಆಗಿತ್ತು. ಈಗ ಕೆರೆ ದಂಡೆ ಒಂದು ಬಿಟ್ಟು ಮಿಕ್ಕೆಲ್ಲಾ ತಹಬಂದಿಗೆ ಬಂದಿದೆ. ಅಲ್ಲಿ ಒಡೆದ ಮನೆಗಳ ಮಣ್ಣು ಕಲ್ಲು ಲಾರಿಗಟ್ಟಲೆ ಸುರಿದು ಹೋಗುತ್ತಿದ್ದರು. ಹೋದ ವಾರ ಲಾರಿ ಸಮೇತ ಹಿಡಿದೆವು. ಮಾಲೀಕ ಇಲ್ಲಿಯ ನಗರಸಭೆ ಸದಸ್ಯರೊಬ್ಬರ ಭಾಮೈದ. ಬಿಟ್ಟುಬಿಡಿ ಎಂದು ಫೋನಿನ ಮೇಲೆ ಫೋನು. "ನಮ್ಮಪ್ಪ ಬಂದು ಸುರಿದ್ರೂ ದಂಡ ಹಾಕ್ತೀನಿ" ಅಂದೆ. ಆಮೇಲೆ ಫೋನು ಬರಲಿಲ್ಲ.

ಅಮ್ಮನಿಗೆ ಗಾಡಿಗೇ ಕಸ ಕೊಡುವುದನ್ನು ಅಭ್ಯಾಸ ಮಾಡಿಸಿ. ಮೊದಲೆರಡು ವಾರ ಎಲ್ಲರೂ ಗೊಣಗುತ್ತಾರೆ, ಆಮೇಲೆ ಒಗ್ಗಿಹೋಗುತ್ತದೆ. ಮಾತು ಜಾರುವುದು ನನಗೂ ಆಗುತ್ತದೆ, ನಿನ್ನೆ ಕಮಿಷನರಿಗೆ ಅಪ್ಪ ಅಂದುಬಿಟ್ಟೆ. ಭಾನುವಾರ ಫೋನಿನಲ್ಲಿ ಅಮ್ಮ ಸರಿಯಾಗೇ ಮಾತಾಡಿದಳಲ್ಲ. ಊಟ ಆಯ್ತಾ, ತಲೆಗೆ ಎಣ್ಣೆ ಹಚ್ಕೋ, ಎಲ್ಲಾ ಎಂದಿನಂತೆಯೇ.

ಸ್ವಚ್ಛ ನಗರ ತಪಾಸಣೆ ಹತ್ತಿರ ಬರುತ್ತಿದೆ. ಈ ತಿಂಗಳು ಬರಲಾಗುವುದಿಲ್ಲ.

ನಿಮ್ಮ
ಗುಬ್ಬಿ


ಜುಲೈ ೧೧

ಗುಬ್ಬಿ,

ಅಮ್ಮ ಫೋನಿನಲ್ಲಿ ಸರಿಯಾಗಿರುತ್ತಾಳೆ. ಊಟ ಆಯ್ತಾ, ಎಣ್ಣೆ ಹಚ್ಕೋ. ಆ ಎರಡು ಮಾತು ಅವಳ ನಾಲಿಗೆಯ ತುದಿಯಲ್ಲೇ ಇವೆ. ಮೂರನೆಯ ಮಾತು ಕೇಳಿ ನೋಡು.

ಗಾಡಿಯ ಕಥೆ ಹೇಳುತ್ತೇನೆ. ಬೆಳಿಗ್ಗೆ ಗಂಟೆ ಬಾರಿಸಿಕೊಂಡು ಬರುತ್ತದೆ. ಗಂಟೆ ಕೇಳಿದ ತಕ್ಷಣ ಅಮ್ಮ ಬಕೆಟ್ಟನ್ನು ಮಂಚದ ಕೆಳಗೆ ತಳ್ಳಿ ಬಾಗಿಲು ಹಾಕುತ್ತಾಳೆ. ನಮ್ಮನೆ ಕಸವನ್ನು ಊರ ಮುಂದೆ ಹರಡಿ ತೋರಿಸುವುದೇನು, ಏನು ತಿಂದೆವು ಏನು ಬಿಟ್ಟೆವು ಅವರಿಗ್ಯಾಕೆ ಎಂದು ಅವಳ ವಾದ. ಗಾಡಿ ತಿರುವು ದಾಟಿತೋ ಇಲ್ಲವೋ, ಬಕೆಟ್ಟು ಎಳೆದುಕೊಂಡು ಹೊರಡುತ್ತಾಳೆ. ತಿರುವಿಗೆ ಹೋಗಿ, ತೊಟ್ಟಿ ಇದ್ದ ಕಡೆಯೇ ನಿಂತು, ಹೂವಿನ ಕುಂಡಗಳ ನಡುವೆ ಸುರಿದು, ಕುಂಡದ ಅಂಚಿಗೆ ಟಕಟಕ ಕುಟ್ಟಿ ಬರುತ್ತಾಳೆ. ಅವಳ ಕಣ್ಣಿಗೆ ತೊಟ್ಟಿ ಅಲ್ಲೇ ಇದೆ. ಕೆಲವು ದಿನ ಮಾತ್ರ ಇರುವುದಿಲ್ಲ. ಆ ದಿನ ಬಂದು, ತೊಟ್ಟಿಲು ಎಲ್ಲಿ ಇಟ್ರಿ ಎಂದು ನನ್ನನ್ನೇ ಕೇಳುತ್ತಾಳೆ.

ನಾನು ಹಿಂದಿನಿಂದ ಹೋಗಿ ಎಲ್ಲಾ ಬಾಚಿ ತರುತ್ತೇನೆ. ಚಹಾ ಚರಟ, ಈರುಳ್ಳಿ ಸಿಪ್ಪೆ, ಕೆಲವು ಸಲ ನನ್ನ ಕನ್ನಡಕವೂ ಸಿಕ್ಕಿದೆ. ಮೇಸ್ತ್ರಿ ನೋಡಿಯೂ ನೋಡದವನ ಹಾಗೆ ಅತ್ತ ತಿರುಗುತ್ತಾನೆ.

ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಒಂದು ಹೆಸರು ಹೇಳಿದರು. ನೆನಪು ಇತ್ತೀಚಿನದರಿಂದ ಹಿಂದಕ್ಕೆ ಅಳಿಸುತ್ತಾ ಹೋಗುತ್ತದಂತೆ. ಹಳೆಯದೇ ಕೊನೆಗೆ ಉಳಿಯುವುದಂತೆ. ಅವಳು ತಾನಾಗಿ ಏನೇನು ಮಾಡುತ್ತಾಳೋ ಅದನ್ನೆಲ್ಲಾ ಮಾಡಲು ಬಿಡಿ, ತಡೆಯಬೇಡಿ ಅಂದರು. ಗುಬ್ಬಿ, ಅವಳು ತಾನಾಗಿ ಮಾಡುವುದು ಈಗ ಅದೊಂದೇ. ಅಡುಗೆಮನೆಗೆ ಹೋದರೆ ಯಾಕೆ ಬಂದೆ ಎಂದು ಮರೆತು ನಿಲ್ಲುತ್ತಾಳೆ. ಸೀರೆ ನಾನು ಉಡಿಸುತ್ತೇನೆ. ಬಕೆಟ್ಟು ಹಿಡಿದರೆ ಮಾತ್ರ ಕಾಲಿಗೆ ದಾರಿ ಗೊತ್ತು. ಹೋಗಿ ಬಂದ ಮೇಲೆ ಅರ್ಧ ದಿನ ಹಳೆಯ ಹಾಗೇ ಇರುತ್ತಾಳೆ.

ಅದಕ್ಕೆ ಒಂದು ಮಾತು ಕೇಳುತ್ತೇನೆ. ನಿನ್ನನ್ನು ನಾನು ಇದುವರೆಗೆ ಏನೂ ಕೇಳಿದವನಲ್ಲ. ನಮ್ಮ ಮುನಿಸಿಪಾಲಿಟಿಯವರಿಗೆ ನೀನು ಒಂದು ಮಾತು ಹೇಳಿದರೆ ನಡೆಯುತ್ತದೆ. ಆ ತಿರುವಿನಲ್ಲಿ ಒಂದೇ ಒಂದು ತೊಟ್ಟಿ ಇಡಿಸು.

ನಿನ್ನ ಅಪ್ಪ


ಜುಲೈ ೨೨

ಅಪ್ಪ,

ಈ ಕಾಗದವನ್ನು ಎಷ್ಟು ಸಲ ಹರಿದು ಬರೆದೆನೋ. ಕೊನೆಗೆ ನೇರವಾಗಿಯೇ ಬರೆಯುತ್ತಿದ್ದೇನೆ. ಆಗುವುದಿಲ್ಲ.

ಒಂದು ತೊಟ್ಟಿ ಇಟ್ಟರೆ ಅಮ್ಮ ಒಬ್ಬಳೇ ಹಾಕುವುದಿಲ್ಲ. ಒಂದು ವಾರದಲ್ಲಿ ಇಡೀ ಬೀದಿ ಗಾಡಿ ಬಿಟ್ಟು ಅಲ್ಲಿಗೇ ಬರುತ್ತದೆ. ಪಕ್ಕದ ಬೀದಿಯವರು ನಮಗ್ಯಾಕಿಲ್ಲ ಅನ್ನುತ್ತಾರೆ. ಊರೂರಿಗೆ ಹೋಗಿ ತೊಟ್ಟಿ ತೆಗೆಯಿರಿ ಎಂದು ಭಾಷಣ ಮಾಡಿದವಳು ನಾನು. ನನ್ನ ಮನೆಯ ತಿರುವಿಗೆ ಮಾತ್ರ ಇಡಿ ಎಂದು ಯಾವ ಬಾಯಲ್ಲಿ ಹೇಳಲಿ? ಆ ಲಾರಿ ಮಾಲೀಕ ಈಗಲೂ ನನ್ನ ಒಂದು ತಪ್ಪಿಗೆ ಕಾಯುತ್ತಿದ್ದಾನೆ.

ಬೇರೆ ದಾರಿ ಯೋಚಿಸೋಣ. ಹಿತ್ತಿಲಲ್ಲೇ ಒಂದು ತೊಟ್ಟಿ ಇಟ್ಟು ಅಲ್ಲಿ ಹಾಕಲು ಹೇಳಿ. ಬೆಳಿಗ್ಗೆ ಹೊತ್ತು ಗೇಟಿಗೆ ಬೀಗ ಹಾಕಿ. ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳಿ, ಅದರ ವ್ಯವಸ್ಥೆ ನಾನು ಮಾಡುತ್ತೇನೆ. ಇಲ್ಲಿ ಒಬ್ಬ ಒಳ್ಳೆಯ ಡಾಕ್ಟರಿದ್ದಾರಂತೆ, ಕೇಳುತ್ತೇನೆ.

ನೀವು ಹೇಳಿದಂತೆ ಫೋನಿನಲ್ಲಿ ಮೂರನೆಯ ಮಾತು ಕೇಳಿದೆ. ಅಮ್ಮಾ, ನಿನ್ನೆ ಏನು ಮಾಡಿದೆ ಅಂದೆ. ಊಟ ಆಯ್ತಾ ಅಂದಳು.

ಗುಬ್ಬಿ


ಆಗಸ್ಟ್ ೨೯

ಗುಬ್ಬಿಗೆ,

ತಿಂಗಳಾದರೂ ಬರೆಯಲಿಲ್ಲ. ಬರೆಯುವುದು ಏನೂ ಇರಲಿಲ್ಲ.

ಹಿತ್ತಿಲಲ್ಲಿ ತೊಟ್ಟಿ ಇಟ್ಟೆ, ತಿರುಗಿಯೂ ನೋಡಲಿಲ್ಲ. ಗೇಟಿಗೆ ಬೀಗ ಹಾಕಿದೆ. ಸರಳು ಹಿಡಿದುಕೊಂಡು, ಬಕೆಟ್ಟು ಕಾಲ ಹತ್ತಿರ ಇಟ್ಟುಕೊಂಡು, ಬಿಸಿಲೇರುವ ತನಕ ನಿಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೋಗುತ್ತಾ ಬರುತ್ತಾ ಇದ್ದವರನ್ನೆಲ್ಲಾ, ಸ್ವಲ್ಪ ಬಾಗಿಲು ತೆಗೀತೀರಾ, ನಮ್ಮನೆಗೆ ಹೋಗ್ಬೇಕು ಎಂದು ಕೇಳಿದಳು. ಬೀಗ ತೆಗೆದು ಬಿಸಾಕಿದೆ.

ಹೋದ ವಾರ ಮೇಸ್ತ್ರಿ ರಜೆಯಲ್ಲಿದ್ದ. ಅವನ ಬದಲಿಗೆ ಬಂದವನಿಗೆ ನಾವು ಯಾರೆಂದು ಗೊತ್ತಿಲ್ಲ. ಕ್ಯಾಮೆರಾದಲ್ಲಿ ಬಿದ್ದವರದ್ದೆಲ್ಲಾ ಫೋಟೋ ತೆಗೆಸಿ ಫಲಕಕ್ಕೆ ಅಂಟಿಸಿದ. ಮೇಲೆ ದಪ್ಪ ಅಕ್ಷರದಲ್ಲಿ, ಇವರಿಗೆ ನಾಚಿಕೆಯಾಗಬೇಕು ಎಂದಿದೆ. ಎರಡನೆಯ ಸಾಲಿನಲ್ಲಿ ನಿನ್ನ ಅಮ್ಮ. ಬಕೆಟ್ಟು ಎತ್ತಿ ಹಿಡಿದಿದ್ದಾಳೆ, ಸೆರಗು ಜಾರಿದೆ, ಬಾಯಿ ಸ್ವಲ್ಪ ತೆರೆದಿದೆ.

ಅವತ್ತು ನಾನು ಅವಳ ಜೊತೆಗೇ ಇದ್ದೆ. ಅವಳು ಫಲಕದ ಮುಂದೆ ನಿಂತು ಒಂದೊಂದೇ ಫೋಟೋ ನೋಡಿದಳು. ತನ್ನದರ ಮುಂದೆ ಬಂದಾಗ ಹತ್ತಿರ ಬಗ್ಗಿ, ಬೆರಳಿನಲ್ಲಿ ಮುಟ್ಟಿ ನೋಡಿದಳು.

"ಪಾಪ ಕಣ್ರೀ" ಅಂದಳು. "ಎಷ್ಟು ವಯಸ್ಸಾಗಿದೆ ನೋಡಿ. ಮಕ್ಕಳು ಮರಿ ಯಾರೂ ಇಲ್ಲ ಅಂತ ಕಾಣುತ್ತೆ."

ಹೌದು ಎಂದು ಹೇಳಿ ಕೈ ಹಿಡಿದು ಮನೆಗೆ ಕರೆತಂದೆ.

ನಿನ್ನ ಯೋಜನೆ ಚೆನ್ನಾಗಿ ನಡೆಯುತ್ತಿದೆ. ಬೀದಿ ಕನ್ನಡಿಯ ಹಾಗಿದೆ. ಕಸ ಈಗ ಶಾಲೆಯ ಹಿಂದಿನ ಗೋಡೆಗೆ ಹೋಗಿದೆ, ಅಲ್ಲಿ ಕ್ಯಾಮೆರಾ ಇಲ್ಲ.

ಅಪ್ಪ


ಸೆಪ್ಟೆಂಬರ್ ೩

ಅಪ್ಪ,

ಫೋಟೋ ತೆಗೆಸಿದ್ದೇನೆ. ಕಾಗದ ಓದಿ ಮುಗಿಸುವ ಮೊದಲೇ ನಿಮ್ಮ ಮುನಿಸಿಪಾಲಿಟಿಗೆ ಫೋನು ಮಾಡಿದೆ. ಅಲ್ಲಿಯ ಅಧಿಕಾರಿ ಪಾಪ ತುಂಬಾ ಪೇಚಾಡಿಕೊಂಡರು. ಗೊತ್ತಾಗಲಿಲ್ಲ ಮೇಡಂ, ನಿಮ್ಮ ತಾಯಿಯವರು ಎಂದು ಗೊತ್ತಿದ್ದರೆ ಹಾಕುತ್ತಲೇ ಇರಲಿಲ್ಲ ಅಂದರು. ಬೇರೆಯವರ ತಾಯಿಯಾಗಿದ್ದರೆ? ನಾನು ಕೇಳಲಿಲ್ಲ.

ಆ ಫಲಕದ ಮೇಲಿನ ಸಾಲು ನಾನು ಬರೆದದ್ದು. ಆಫೀಸಿನಲ್ಲಿ ನಾಲ್ಕು ಜನ ನಾಲ್ಕು ಸಾಲು ಹೇಳಿದಾಗ, ಇದೇ ನಾಟುತ್ತದೆ ಎಂದು ನಾನೇ ಆರಿಸಿದೆ. ಇಲ್ಲಿಯ ಫಲಕಗಳಲ್ಲಿ ಇರುವ ಮುಖಗಳನ್ನು ಈ ವಾರ ಮೊದಲ ಸಲ ನಿಂತು ನೋಡಿದೆ. ಹೆಚ್ಚಿನವು ಲಾರಿಯವರದ್ದಲ್ಲ. ಲಾರಿಯವರಿಗೆ ಕ್ಯಾಮೆರಾ ಎಲ್ಲಿದೆ ಎಂದು ಗೊತ್ತಿರುತ್ತದೆ. ಅವನ್ನೆಲ್ಲಾ ತೆಗೆಯಲು ಹೇಳಿದ್ದೇನೆ. ಕಮಿಷನರಿಗೆ ಸಿಟ್ಟು ಬಂದಿದೆ.

ನಿಮಗೆ ನನ್ನ ಮೇಲೆ ಕೋಪವಿದೆ. ಇರಲಿ. ಆದರೆ ಕಾಗದ ನಿಲ್ಲಿಸಬೇಡಿ. ಅಕ್ಟೋಬರಿನಲ್ಲಿ ತಪಾಸಣೆ ಮುಗಿದ ಕೂಡಲೇ ಬರುತ್ತೇನೆ. ಅಮ್ಮ ನನ್ನ ಬಗ್ಗೆ ಏನಾದರೂ ಕೇಳುತ್ತಾಳಾ?

ಗುಬ್ಬಿ


ಸೆಪ್ಟೆಂಬರ್ ೩೦

ನನ್ನ ಗುಬ್ಬಿಗೆ,

ಕೋಪ ಇತ್ತು. ಇಳಿಯಿತು. ಮಗಳ ಮೇಲೆ ಕೋಪ ಹೊತ್ತುಕೊಂಡು ತಿರುಗುವಷ್ಟು ಮಂಡಿಯಲ್ಲಿ ಬಲವಿಲ್ಲ.

ಈಗ ನನಗೆ ಹೊಸ ನೌಕರಿ ಸಿಕ್ಕಿದೆ. ಹೇಗೆ ಎಂದು ಹೇಳುತ್ತೇನೆ ಕೇಳು. ಫೋಟೋ ಗಲಾಟೆಯ ನಂತರ ತಿರುವಿಗೆ ತಂತಿ ಬೇಲಿ ಬಂತು. ಕುಂಡಗಳ ಹತ್ತಿರ ಹೋಗಲಾಗದೆ ಅಮ್ಮ ಮುಂದೆ ಮುಂದೆ ತೊಟ್ಟಿ ಹುಡುಕಿಕೊಂಡು ಹೋಗತೊಡಗಿದಳು. ಒಂದು ದಿನ ನಾನು ಸ್ನಾನಕ್ಕೆ ಹೋಗಿದ್ದಾಗ ಡಿಪೋ ತನಕ ಹೋಗಿಬಿಟ್ಟಿದ್ದಾಳೆ. ಡ್ರೈವರೊಬ್ಬ ಗುರುತು ಹಿಡಿದು ಬಸ್ಸಿನಲ್ಲಿ ಕೂರಿಸಿಕೊಂಡು ಬಂದ. ಬಸ್ಸುಗಳ ನಡುವೆ ಬಕೆಟ್ಟು ಹಿಡಿದು ನಿಂತಿದ್ದಳಂತೆ. ಅವತ್ತು ನಾನು ಹೆದರಿದಷ್ಟು ಯಾವತ್ತೂ ಹೆದರಿಲ್ಲ.

ಆಮೇಲೆ ಹೊಳೆಯಿತು, ತೊಟ್ಟಿ ಇಡಬಾರದು ಎಂದು ನಿಯಮವಿದೆ, ಮನುಷ್ಯ ನಿಲ್ಲಬಾರದು ಎಂದು ಇಲ್ಲವಲ್ಲ. ಈಗ ಅವಳು ಚಪ್ಪಲಿ ಹುಡುಕುವಷ್ಟರಲ್ಲಿ ನಾನು ಹಿಂದಿನ ಓಣಿಯಿಂದ ಹೋಗಿ, ಬೇಲಿಯ ಈಚೆ ನಮ್ಮನೆಯ ನೀಲಿ ಡ್ರಮ್ಮು ಇಟ್ಟುಕೊಂಡು ನಿಲ್ಲುತ್ತೇನೆ. ಮೈಮೇಲೆ ಹಳೆಯ ಖಾಕಿ ಶರ್ಟು. ಗುಂಡಿ ಹಾಕಲಾಗುವುದಿಲ್ಲ, ಹೊಟ್ಟೆ ಒಪ್ಪುವುದಿಲ್ಲ. ಅವಳು ಬಂದು ಡ್ರಮ್ಮಿಗೆ ಸುರಿದು, ಅಂಚಿಗೆ ಟಕಟಕ ಕುಟ್ಟುತ್ತಾಳೆ. ಅವಳು ಹೋದ ಮೇಲೆ ಡ್ರಮ್ಮು ಹೊತ್ತುಕೊಂಡು ಮನೆಗೆ ಹೋಗಿ, ಮಾರನೇ ದಿನ ಗಾಡಿಗೆ ಕೊಡುತ್ತೇನೆ. ನಿನ್ನ ಹಸಿ ಒಣ ಎಲ್ಲಾ ಬೇರೆ ಮಾಡಿಯೇ.

ಮೊದಲ ದಿನ ಅವಳಿಗೆ ಗುರುತು ಸಿಗುತ್ತದೆ ಅಂದುಕೊಂಡಿದ್ದೆ. ಸಿಗಲಿಲ್ಲ. "ಏನಪ್ಪಾ, ಹೊಸಬನಾ ನೀನು? ಮುನಿಸಿಪಾಲಿಟಿಯವನಾ?" ಅಂದಳು. ಮದುವೆಯಾದಂದಿನಿಂದ ನನ್ನನ್ನು ಬಹುವಚನ ಬಿಟ್ಟು ಮಾತಾಡಿಸಿದವಳಲ್ಲ. ಜಗಳದಲ್ಲೂ ನೀವು ತಾವು. ನೀನು ಅನ್ನೇ ಎಂದು ಎಷ್ಟು ಸಲ ಕೇಳಿದ್ದೆನೋ, ನಾಚಿಕೊಂಡು ಓಡುತ್ತಿದ್ದಳು. ಈಗ ಬೀದಿಯಲ್ಲಿ ನಿಂತು ನೀನು ಅನ್ನುತ್ತಿದ್ದಾಳೆ. ಹೌದಮ್ಮಾ, ಹೊಸಬ ಅಂದೆ.

ಈಗ ದಿನಾ ಮಾತಾಡುತ್ತೇವೆ. ಮನೆಯಲ್ಲಿ ಬಾಯಿ ಬಿಡದವಳು ಆ ಮನುಷ್ಯನ ಹತ್ತಿರ ಏನೆಲ್ಲಾ ಹೇಳುತ್ತಾಳೆ. "ನಮ್ಮನೆಯವರು ಕಂಡಕ್ಟ್ರು. ಊರೋರಿಗೆಲ್ಲಾ ಸೀಟು ಕೊಡಿಸಿದ್ರು, ನನ್ನ ಪಕ್ಕ ಒಂದ್ಸಲಾನೂ ಕೂತು ಬರಲಿಲ್ಲ" ಅಂದಳು ಒಂದು ದಿನ. ಬೇಜಾರಾಮ್ಮಾ ಎಂದು ಕೇಳಿದೆ. "ಅವರ ಕೆಲಸಾನೇ ನಿಂತ್ಕೊಳ್ಳೋದು, ಏನು ಮಾಡೋಕಾಗುತ್ತೆ" ಎಂದು ನಕ್ಕಳು. ಅವಳು ರಸ್ತೆ ನೋಡುತ್ತಾ ನಿಧಾನವಾಗಿ ಬರುವಷ್ಟರಲ್ಲಿ ನಾನು ಡ್ರಮ್ಮು ಸಮೇತ ಓಣಿಯಲ್ಲಿ ಓಡಿ, ಅವಳಿಗಿಂತ ಮೊದಲು ಮನೆ ಸೇರಿ, ಪೇಪರು ಹಿಡಿದು ಕೂತಿರುತ್ತೇನೆ. ಬಂದವಳು, ರೀ, ತಿರುವಿನಲ್ಲಿ ಒಬ್ಬ ಒಳ್ಳೆಯವನು ಬಂದಿದ್ದಾನೆ, ಎಂಥ ತಾಳ್ಮೆ ಅನ್ನುತ್ತಾಳೆ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು.

ನಿನ್ನ ಬಗ್ಗೆ ಕೇಳುತ್ತಾಳಾ ಎಂದು ಬರೆದಿದ್ದೆ. ಬರೆಯಬಾರದು ಅಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ನಿನ್ನೆ ಡ್ರಮ್ಮಿಗೆ ಕೈಯಾನಿಸಿ ನಿಂತು ಹೀಗೆ ಅಂದಳು. "ಇಲ್ಲೊಂದು ತೊಟ್ಟಿಲಿತ್ತಪ್ಪಾ. ಯಾರೋ ತೆಗೆದ್ರು. ನೀನು ಹಿಂಗೆ ಬಿಸಿಲಲ್ಲಿ ಯಾಕೆ ನಿಂತ್ಕೋಬೇಕು? ನನ್ನ ಮಗಳು ಮುನಿಸಿಪಾಲಿಟೀಲಿ ದೊಡ್ಡ ಕೆಲಸದಲ್ಲಿದಾಳೆ. ಅವಳಿಗೆ ಒಂದು ಮಾತು ಹೇಳಿದ್ರೆ ಸಾಕು, ಮಾರನೇ ದಿನಾನೇ ತಂದು ಇಡಿಸ್ತಾಳೆ."

ಅಪ್ಪ


ಅಕ್ಟೋಬರ್ ೮

ಅಪ್ಪ,

ನಿಮ್ಮ ಕಾಗದವನ್ನು ಕೆರೆ ದಂಡೆಯಲ್ಲಿ ಓದಿದೆ. ಸುತ್ತ ನಮ್ಮ ಕೆಲಸದವರೆಲ್ಲಾ ಇದ್ದರು. ಜೀಪಿನೊಳಗೆ ಹೋಗಿ ಗಾಜು ಏರಿಸಿಕೊಂಡು ಅತ್ತೆ. ಹೊರಗೆ ಬಂದಾಗ ಯಾರೂ ಏನೂ ಕೇಳಲಿಲ್ಲ, ನಾತಕ್ಕೆ ಕಣ್ಣುರಿ ಅಂದುಕೊಂಡಿರಬೇಕು.

ಒಂದು ತೊಟ್ಟಿ ಕಳಿಸುತ್ತಿದ್ದೇನೆ. ಆಫೀಸಿನದ್ದಲ್ಲ, ಅಂಗಡಿಯಲ್ಲಿ ಕೊಂಡದ್ದು. ಹಸಿರು ಬಣ್ಣ, ಎರಡು ಚಕ್ರ ಇದೆ, ಹಿಡಿದು ಎಳೆಯಲು ಹಿಡಿಕೆ ಇದೆ. ಇನ್ನು ನೀವು ಡ್ರಮ್ಮು ಹೊರಬೇಡಿ. ನಿಮ್ಮ ಅಧಿಕಾರಿಯ ಹತ್ತಿರ ಮಾತಾಡಿದೆ. ಅವರು ನಕ್ಕು, "ಮೇಡಂ, ತೊಟ್ಟಿಯೇ ಕಸದ ತಾಯಿ ಅಂತ ನೀವು ಹೇಳಿದ್ದನ್ನ ಗೋಡೆ ಮೇಲೆ ಬರೆಸಿದ್ದೀವಿ" ಅಂದರು. ಅಳಿಸಿಬಿಡಿ ಅಂದೆ. ಬೆಳಗಿನ ಹೊತ್ತು ಇಟ್ಟು, ಅಮ್ಮ ಹೋದ ಮೇಲೆ ಒಳಗೆ ತೆಗೆದುಕೊಂಡರೆ ಅವರ ಅಭ್ಯಂತರವಿಲ್ಲವಂತೆ. ಇಷ್ಟು ಮಾತಾಡಲು ನನಗೆ ಜುಲೈಯಲ್ಲೇ ಏನಾಗಿತ್ತು ಎಂದು ಗೊತ್ತಿಲ್ಲ.

ತಪಾಸಣೆ ಮುಂದಕ್ಕೆ ಹೋಗಿದೆ, ನವೆಂಬರ್ ಕೊನೆಗಂತೆ. ರಜೆ ಕೇಳಿದೆ, ಸದ್ಯಕ್ಕೆ ಬೇಡ ಅಂದರು. ನಾನೂ ಗಟ್ಟಿಯಾಗಿ ಕೇಳಲಿಲ್ಲ. ಅಮ್ಮನಿಗೆ ಗುರುತು ಸಿಗದಿದ್ದರೆ ಎಂದು ಭಯ. ಅದನ್ನು ನಿಮಗಲ್ಲದೆ ಯಾರಿಗೆ ಹೇಳಲಿ?

ಗುಬ್ಬಿ


ನವೆಂಬರ್ ೧೯

ಗುಬ್ಬಿ,

ತೊಟ್ಟಿ ಬಂದು ಎರಡು ವಾರವಾಯಿತು. ಬಂದದ್ದನ್ನು ತಕ್ಷಣ ಬರೆಯಲಾಗಲಿಲ್ಲ. ಅದು ಬರುವುದಕ್ಕೆ ಸ್ವಲ್ಪ ಮೊದಲು ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ. ಫೋನಿನಲ್ಲಿ ನಾನು ಸಣ್ಣ ಪೆಟ್ಟು ಎಂದು ಹೇಳಿದ್ದು ಸುಳ್ಳು. ಇನ್ನು ಅವಳು ನಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಹಾಗಾಗಿ ನಿನ್ನ ತೊಟ್ಟಿ ತಿರುವಿನ ಮುಖವನ್ನೇ ನೋಡಲಿಲ್ಲ. ನಡುಮನೆಯಲ್ಲಿ ಹಾಗೇ ನಿಂತಿತ್ತು. ನನ್ನ ನೌಕರಿಯೂ ಹೋಯಿತು. ಮೊದಲೆರಡು ದಿನ ಬೆಳಿಗ್ಗೆ ಖಾಕಿ ಶರ್ಟು ಹಾಕಿಕೊಂಡು, ಆಮೇಲೆ ಜ್ಞಾಪಕ ಬಂದು ಬಿಚ್ಚಿದೆ. ಅವಳು ಮಲಗಿದ್ದಲ್ಲೇ, ಆ ತಿರುವಿನವನು ಕಾಯ್ತಾ ಇರ್ತಾನೆ ಅನ್ನುತ್ತಿದ್ದಳು.

ಮೊನ್ನೆ ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ್ದೆ. ತೊಟ್ಟಿ ಅವಳ ಕೈಗೆ ಎಟಕುವಂತಿತ್ತು. ತುಂಬಾ ಹೊತ್ತು ನೋಡಿದಳು. ಮುಚ್ಚಳ ತೆಗೆದು ಒಳಗೆ ಬಗ್ಗಿದಳು. ತೊಡೆಯ ಮೇಲಿದ್ದ ಶಾಲನ್ನು ನಾಲ್ಕು ಮಡಿಕೆ ಮಾಡಿ ಒಳಗೆ ಇಳಿಸಿ, ಅಂಚನ್ನು ತಟ್ಟಿ ಸರಿ ಮಾಡಿದಳು. ಆಮೇಲೆ ಹಿಡಿಕೆ ಹಿಡಿದು ತೊಟ್ಟಿಯನ್ನು ತನ್ನ ಕಡೆ ಎಳೆದಳು, ಆಚೆ ತಳ್ಳಿದಳು. ಚಕ್ರ ಇದೆಯಲ್ಲ, ಹೋಗುತ್ತದೆ, ಬರುತ್ತದೆ. ಜೋಜೋ ಅಂದಳು.

ನಾವು ಎಂಥ ದಡ್ಡರು ಗುಬ್ಬಿ. ಜೂನಿನಿಂದ ಅವಳು ಬಾಯಿ ಬಿಟ್ಟು ತೊಟ್ಟಿಲು ತೊಟ್ಟಿಲು ಎಂದು ಕೇಳಿದಳು. ಮಾತು ಜಾರಿತು ಎಂದು ನಾನು ನಕ್ಕೆ, ನೀನೂ ನಕ್ಕೆ. ಕೇಳಿದ್ದು ಕೆಲವು ಸಲ ತೊಟ್ಟಿಯನ್ನೇ ಇರಬಹುದು. ಕೆಲವು ಸಲ ಅಲ್ಲ ಎಂದು ಈಗ ಅನ್ನಿಸುತ್ತಿದೆ.

ನಾನು ಯಾಕೋ ಕೆಮ್ಮಿದೆ. "ರೀ, ಸದ್ದು ಮಾಡ್ಬೇಡಿ, ಗುಬ್ಬಿ ಈಗ ತಾನೇ ಮಲಗಿದಾಳೆ" ಅಂದಳು.

ರಜೆ ಕೊಡದಿದ್ದರೆ ಕೊಡದಿರಲಿ. ಬಾ.

ಅಪ್ಪ


ಡಿಸೆಂಬರ್ ೫

ಅಪ್ಪ,

ನಿಮ್ಮನ್ನು ಬಿಟ್ಟು ಬಂದು ಇನ್ನೂ ಎರಡು ದಿನ ಆಗಿಲ್ಲ. ಅಲ್ಲಿ ಇದ್ದಾಗ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ನೀವು ಔಷಧಿ ತರಲು ಹೋಗಿದ್ದಾಗ ನಡೆದದ್ದು.

ನಾನು ಬಂದ ದಿನದಿಂದ ಅಮ್ಮ ನನ್ನನ್ನು ನರ್ಸು ಅಂದುಕೊಂಡದ್ದು ನೀವೂ ನೋಡಿದಿರಿ. ನೀವು ಪ್ರತಿ ಸಲ, ಇವಳು ಗುಬ್ಬಿ ಕಣೇ ಎಂದು ಹೇಳಿಕೊಡುತ್ತಿದ್ದಿರಿ. ಅವಳು ನನ್ನ ಮುಖ ನೋಡಿ, ತೊಟ್ಟಿಯೊಳಗೆ ನೋಡಿ, ಪಾಪ ಇವರಿಗೇನೋ ಆಗಿದೆ ಎಂಬಂತೆ ನಿಮ್ಮನ್ನು ನೋಡುತ್ತಿದ್ದಳು. ನೀವು ಹೊರಗೆ ಹೋದ ಮೇಲೆ ನಾನು ಅವಳ ಎದುರು ನೆಲದ ಮೇಲೆ ಕೂತೆ. ಅವಳ ಕೈ ಸೋತಿತ್ತು, ತೊಟ್ಟಿ ನಿಂತಿತ್ತು. ನಾನು ಹಿಡಿಕೆ ಹಿಡಿದು ಮೆಲ್ಲಗೆ ತೂಗಿದೆ. ಒಳಗೆ ಆ ಶಾಲು, ಅದರ ಮೇಲೆ ನಿಮ್ಮ ಕನ್ನಡಕದ ಪೆಟ್ಟಿಗೆ. ನನ್ನನ್ನು ನಾನೇ ತೂಗುತ್ತಾ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ನನ್ನ ಕೊರಳಿನ ಗುರುತಿನ ಚೀಟಿ ಅವಳಿಗೆ ಕಂಡಿತು. ಊರಿಗೆ ಬರುವಾಗ ಆಫೀಸಿನಿಂದ ನೇರ ಬಸ್ಸು ಹತ್ತಿದ್ದರಿಂದ ಅದು ಬ್ಯಾಗಿನಲ್ಲೇ ಉಳಿದಿತ್ತು, ವಾಪಸು ಹೊರಡಲು ಹಾಕಿಕೊಂಡಿದ್ದೆ. ಅದನ್ನು ಹಿಡಿದು ನೋಡಿ ಕೇಳಿದಳು.

"ನೀವು ಮುನಿಸಿಪಾಲಿಟಿಯೋರಾ?"

ಹೌದಮ್ಮಾ ಅಂದೆ. ಅಪ್ಪ, ನಿಮಗೆ ಕೊನೆಗೂ ಏಕವಚನ ಸಿಕ್ಕಿತು. ನನಗೆ ಬಹುವಚನ ಸಿಕ್ಕಿತು.

"ಹಂಗಾದ್ರೆ ನನ್ನ ಮಗಳನ್ನ ನೋಡಿರ್ತೀರ. ಅಲ್ಲೇ ದೊಡ್ಡ ಕೆಲಸದಲ್ಲಿದಾಳೆ, ಪುರುಸೊತ್ತೇ ಇಲ್ಲ ಅವಳಿಗೆ. ಅವಳಿಗೊಂದು ಮಾತು ಹೇಳ್ಬಿಡ್ತೀರಾ?"

ಏನು ಹೇಳಲಿ ಎಂದು ಕೇಳಿದೆ.

"ತೊಟ್ಟಿಲು ಸಿಕ್ತು ಅಂತ ಹೇಳಿ. ಅದಕ್ಕೋಸ್ಕರ ಕೆಲಸ ಬಿಟ್ಟು ಓಡಿ ಬರೋದು ಬೇಡ ಅಂತ ಹೇಳಿ."

ಹೇಳ್ತೀನಿ ಅಂದೆ. ಅವಳು ನನ್ನ ಕೈಯ ಮೇಲೆ ಕೈಯಿಟ್ಟು, ಊಟ ಆಯ್ತಾ ನಿಮ್ದು ಅಂದಳು. ಅಷ್ಟರಲ್ಲಿ ನೀವು ಬಂದಿರಿ.

ನಿನ್ನೆ ತಪಾಸಣೆಯ ಫಲಿತಾಂಶ ಬಂತು. ನಾನಿರುವ ಈ ಊರು ಮೊದಲನೆಯದಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಕಮಿಷನರ ಮೇಜಿನ ಮೇಲೆ ದೀರ್ಘ ರಜೆಯ ಅರ್ಜಿ ಇಟ್ಟು ಬಂದೆ.

ಅಮ್ಮ ಕೇಳಿದರೆ, ಆ ಮುನಿಸಿಪಾಲಿಟಿಯವಳು ಮಾತು ತಲುಪಿಸಿದ್ದಾಳೆ ಎಂದು ಹೇಳಿ. ಮಗಳು ಮಾತ್ರ ಕೇಳುತ್ತಿಲ್ಲ, ಸೋಮವಾರದ ಬಸ್ಸಿಗೆ ಹೊರಟಿದ್ದಾಳೆ.

ಗುಬ್ಬಿ